ಗೊರಡಿನ ಗೆರೆ

ಹಳೆಯ ಪಿಟೀಲಿನ ಯೋಗ್ಯತೆ ಹೇಳುವವರು ಆ ಊರಿನಲ್ಲಿ ಹತ್ತು ಜನ ಇದ್ದರು. ಆದರೆ ಹತ್ತು ಜನರೂ ಕೊನೆಗೆ ಕೇಳುತ್ತಿದ್ದದ್ದು ಒಂದೇ ಮಾತು: "ಕನ್ನಡಿ ಮೇಷ್ಟ್ರು ಏನಂದ್ರು?"

ಮೇಷ್ಟ್ರು ಎಂದ ಮಾತ್ರಕ್ಕೆ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಪಿಟೀಲು ರಿಪೇರಿ ಅವರ ಕಸುಬು, ಅಪ್ಪನಿಂದ ಬಂದದ್ದು. ಹಲ್ಲಿನ ಡಾಕ್ಟರು ಬಾಯೊಳಗೆ ಇಳಿಬಿಡುತ್ತಾರಲ್ಲ, ಉದ್ದ ಕಡ್ಡಿಯ ಪುಟ್ಟ ಕನ್ನಡಿ, ಅಂಥದೊಂದು ಅವರ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು. ಯಾರಾದರೂ ಪಿಟೀಲು ತಂದರೆ ಅದರ ಎದೆಯ ಮೇಲಿನ ಬಳುಕು ಸೀಳಿನಲ್ಲಿ ಕನ್ನಡಿ ತೂರಿಸಿ, ಟಾರ್ಚು ಬಿಟ್ಟು, ಒಂದು ಕಣ್ಣು ಮುಚ್ಚಿ, ಐದು ನಿಮಿಷ ಉಸಿರೆತ್ತದೆ ನೋಡುತ್ತಿದ್ದರು. ಆಮೇಲೆ ಅವರು ಅಸಲಿ ಎಂದರೆ ಅಸಲಿ, ನಕಲಿ ಎಂದರೆ ನಕಲಿ. ಅದರ ಮೇಲೆ ಮಾತಿಲ್ಲ.

ಇಂಥ ಹೆಸರು ಬಂದವರಿಗೆ ಒಂದು ರೋಗವೂ ಜೊತೆಗೆ ಬರುತ್ತದೆ ನೋಡಿ. ತಾವು ಕಂಡಿದ್ದೇ ಇರುವುದು, ಕಾಣದ್ದು ಇಲ್ಲ ಎಂಬ ರೋಗ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮೇಷ್ಟ್ರಿಗೆ ಆ ಗಾದೆ ಗೊತ್ತಿತ್ತು. ಬೇರೆಯವರಿಗೆ ಹೇಳುತ್ತಲೂ ಇದ್ದರು.

ಅವರಿಗೆ ಅರವತ್ತಮೂರಾದ ವರ್ಷ, ಒಂದು ಸೋಮವಾರ ಬೆಳಿಗ್ಗೆ, ಒಬ್ಬ ಹೆಂಗಸು ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಹಳೆಯ ಪೆಟ್ಟಿಗೆ, ಅದಕ್ಕೆ ಸುತ್ತಿದ ಹಗ್ಗ. ಪೆಟ್ಟಿಗೆಯ ಹಿತ್ತಾಳೆ ಕೊಂಡಿಯನ್ನು ನೋಡುತ್ತಲೇ ಮೇಷ್ಟ್ರ ಕೈ ಕೆಲಸದ ಮೇಲೆ ನಿಂತುಬಿಟ್ಟಿತು. ಆ ಕೊಂಡಿಯನ್ನು ಕೂರಿಸಿದ್ದು ಅವರ ಅಣ್ಣ.

"ನಾನು ನಿಮ್ಮಣ್ಣನ ಮಗಳು, ಚಿಕ್ಕಪ್ಪ" ಎಂದಳು.

ಐದು ವರ್ಷದ ಮಗುವಾಗಿದ್ದಾಗ ನೋಡಿದ್ದು. ಈಗ ಕೂದಲಲ್ಲಿ ಎರಡು ಬಿಳಿ ಎಳೆ ಬಂದಿದ್ದವು. ಮೇಷ್ಟ್ರು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಅಪ್ಪನಿಗೆ ಹುಷಾರಿಲ್ಲ. ಡಾಕ್ಟರು ಒಂದು ವಾರ ಅಂದಿದಾರೆ. ಅದೂ ಗ್ಯಾರಂಟಿ ಇಲ್ಲ."

"ಏನಂತೆ ಅವನಿಗೆ? ಏನಾದ್ರೂ ಬೇಕಂತಾ?"

"ಇದರ ದನಿ ಕೇಳಬೇಕಂತೆ. ಒಂದೇ ಒಂದು ಸಲ. ನುಡಿಸೋದಕ್ಕೆ ನಾನಿದೀನಿ, ಬರುತ್ತೆ ನನಗೆ. ಆದ್ರೆ ಗೋಡೆ ತೇವಕ್ಕೆ ಮೇಲಿನ ಹಲಗೆ ಬಿಟ್ಕೊಂಡಿದೆ. ಬೇರೆ ಯಾರಿಗಾದ್ರೂ ಕೊಡ್ತೀನಿ ಅಂದೆ. ಅವರು ಬೇಡ ಅಂದ್ರು. ಅದನ್ನ ಬಿಚ್ಚಿದ್ರೆ ಅವನೇ ಬಿಚ್ಚಬೇಕು ಅಂದ್ರು."

"ಎಷ್ಟು ದಿನ ಆಯ್ತು ತಂತಿ ಕಟ್ಟಿ?"

"ನೀವು ಅವತ್ತು ಆ ಮಾತು ಅಂದ್ರಲ್ಲ, ಅವತ್ತು ಸಡಿಲಿಸಿದ್ದು" ಎಂದಳು. ಕಹಿಯಾಗಿ ಹೇಳಲಿಲ್ಲ. ತಾರೀಕು ಹೇಳುವ ಹಾಗೆ ಹೇಳಿದಳು. "ಬುಧವಾರ ಕೊಡ್ತೀರಾ?"

"ಬುಧವಾರ ನಾನೇ ತರ್ತೀನಿ" ಎಂದರು ಮೇಷ್ಟ್ರು.

ಅವತ್ತು ಏನಾಗಿತ್ತು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮುನ್ನೂರು ವರ್ಷದ ಹಿಂದೆ ಒಬ್ಬ ಕೆಲಸಗಾರನಿದ್ದ. ಜೀವಮಾನದಲ್ಲಿ ಅವನು ಮಾಡಿದ್ದು ಎಪ್ಪತ್ತು ಪಿಟೀಲು ಇದ್ದರೆ ಹೆಚ್ಚು. ಎಡಗೈಯಲ್ಲಿ ಕತ್ತಿ ಹಿಡಿಯುತ್ತಿದ್ದನೆಂದು ವ್ಯಾಪಾರಿಗಳು ಅವನನ್ನು ಎಡಗೈಯವನು ಎಂದೇ ಕರೆಯುತ್ತಾರೆ. ಅವನ ಪಿಟೀಲು ಸಿಕ್ಕಿತು ಎಂದರೆ ದೊಡ್ಡ ದೊಡ್ಡ ವಿದ್ವಾಂಸರು ಊಟ ಬಿಟ್ಟು ಎದ್ದು ಬರುತ್ತಾರೆ. ಅಂಥದೊಂದು, ಒಬ್ಬ ಮುದುಕಿಯ ಅಟ್ಟದ ಮೇಲೆ, ಅಣ್ಣನಿಗೆ ಸಿಕ್ಕಿತು. ಇದ್ದಬದ್ದದ್ದನ್ನೆಲ್ಲ ಹಾಕಿ ಕೊಂಡ. ಎಂಟು ತಿಂಗಳು ಕೂತು ಒಪ್ಪ ಮಾಡಿದ. ಕೊಳ್ಳುವುದಕ್ಕೆ ಒಬ್ಬ ಹೆಸರಾಂತ ವಿದ್ವಾಂಸರೇ ಬಂದರು, ಜೊತೆಗೆ ಮೂವರು ವ್ಯಾಪಾರಿಗಳು. ವಿದ್ವಾಂಸರು ಕಮಾನು ಎತ್ತುವ ಮುಂಚೆ ಒಂದೇ ಮಾತು ಕೇಳಿದರು: "ನಿಮ್ಮ ತಮ್ಮನವರು ನೋಡಿದಾರಾ?"

ಮೂವತ್ತಮೂರರ ಮೇಷ್ಟ್ರು ಕನ್ನಡಿ ತೂರಿಸಿದರು. ನೋಡಿದರು. ಅವರ ಮುಖ ಸಪ್ಪಗಾಯಿತು.

ಹಲಗೆಯ ಒಳಮೈಯಲ್ಲಿ, ಸೀಳಿನ ಪಕ್ಕದಲ್ಲೇ, ಒಂದು ಕೂದಲೆಳೆಯ ಗೆರೆ ಓಡಿತ್ತು. ಆ ಗೆರೆ ಅವರಿಗೆ ಹುಟ್ಟಿದಾರಭ್ಯ ಗೊತ್ತು. ಮರ ಹೆರೆದು ನಯ ಮಾಡುವ, ಅಪ್ಪನ ಬೆರಳುದ್ದದ ಉಜ್ಜುಗೊರಡಿನ ಅಲಗಿನಲ್ಲಿ ಸಾಸಿವೆಯಷ್ಟು ಮುಕ್ಕಿತ್ತು. ಮುಕ್ಕು ಹೋಗುವವರೆಗೆ ಮಸೆದರೆ ಅರ್ಧ ಅಲಗೇ ಹೋಗುತ್ತದೆ, ಒಳಗಡೆ ಯಾರು ನೋಡುತ್ತಾರೆ ಎಂದು ಅಪ್ಪ ಹಾಗೇ ಬಿಟ್ಟಿದ್ದ. ಆ ಗೊರಡು ಓಡಿದ ಕಡೆಯೆಲ್ಲ ಒಂದು ಗೆರೆ ಉಳಿಯುತ್ತಿತ್ತು. ಪ್ರಪಂಚದಲ್ಲಿ ಅಂಥ ಗೊರಡು ಇನ್ನೊಂದಿಲ್ಲ, ಮತ್ತು ಅಪ್ಪ ಸಾಯುವಾಗ ಅದನ್ನು ಕೊಟ್ಟದ್ದು ಅಣ್ಣನಿಗೆ.

ಇನ್ನೇನು ಬೇಕು? ಮುನ್ನೂರು ವರ್ಷದ ಹಲಗೆಯ ಮೇಲೆ ನಮ್ಮ ಮನೆಯ ಗೊರಡಿನ ಗೆರೆ ಹೇಗೆ ಬರುತ್ತದೆ? ಅಣ್ಣ ಹೊಸ ಹಲಗೆ ಕೆತ್ತಿ, ಬಣ್ಣ ಬಳಿದು, ಹಳೆಯದೆಂದು ಕೂರಿಸಿದ್ದಾನೆ.

"ಮೇಲ್ಹಲಗೆ ಎಡಗೈಯವನದಲ್ಲ" ಎಂದರು, ಅಷ್ಟು ಜನರ ಮುಂದೆ. "ನಮ್ಮ ಮನೇಲಿ ಮಾಡಿದ್ದು."

ಅಣ್ಣ ತಮ್ಮನ ಮುಖವನ್ನೇ ನೋಡಿದ. "ಬಿಚ್ಚಿ ನೋಡೋ" ಎಂದ.

"ಬಿಚ್ಚೋದೇನು ಬೇಡ. ಕನ್ನಡೀಲಿ ಕಾಣ್ತಿದೆ."

"ಬಿಚ್ಚಿ ನೋಡು ಅಂದೆ."

"ಕಾಣ್ತಿದೆ ಅಂದ್ನಲ್ಲ ಅಣ್ಣ!"

ಮೂರನೇ ಸಲವೂ ಅಣ್ಣ ಅದನ್ನೇ ಹೇಳಿದ. ತಮ್ಮ ಕನ್ನಡಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡರು. "ಸರಿ ಹಾಗಾದ್ರೆ" ಎಂದ ಅಣ್ಣ. ವಿದ್ವಾಂಸರು ಕಮಾನನ್ನು ಮೇಜಿನ ಮೇಲಿಟ್ಟು ಎದ್ದರು. ಒಂದು ಸ್ವರವನ್ನೂ ನುಡಿಸಲಿಲ್ಲ. ವಾರದೊಳಗೆ ಅಣ್ಣನ ಹೆಸರು ಖೋಟಾ ಕೆಲಸದವನು ಎಂದಾಯಿತು, ತಿಂಗಳೊಳಗೆ ಅಂಗಡಿ ಮುಚ್ಚಿತು. ಬೇರೆ ಊರಿಗೆ ಹೋಗಿ ಕುರ್ಚಿ, ಕಿಟಕಿ ಮಾಡಿಕೊಂಡು ಬದುಕಿದ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂದು ಊರಿನವರು ಆಡಿಕೊಂಡರು. ಮೇಷ್ಟ್ರ ಹೆಸರು ಮಾತ್ರ ಆಕಾಶಕ್ಕೆ ಏರಿತು. ಸ್ವಂತ ಅಣ್ಣನನ್ನೇ ಬಿಡದವರು ಎಂದರೆ ಸಾಮಾನ್ಯವೇ?

ಸೋಮವಾರ ಮಧ್ಯಾಹ್ನ ಮೇಷ್ಟ್ರು ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತರು. ಮೊಂಡು ಅಲಗಿನ ತೆಳು ಚಾಕುವನ್ನು ಸಂದಿಯಲ್ಲಿ ಇಳಿಸಿ, ಸುತ್ತಲೂ ನಿಧಾನವಾಗಿ ನಡೆಸಿದರು. ಅಂಟು ಟಿಕ್ ಟಿಕ್ ಎಂದು ಬಿಡುತ್ತಾ ಬಂತು. ಮೇಲ್ಹಲಗೆಗೆ ಯಾವಾಗಲೂ ನೀರಾದ ಅಂಟು ಹಚ್ಚಬೇಕು. ಹವೆ ಕೆಟ್ಟು ಮರ ಎಳೆದಾಡಿದಾಗ ಅಂಟು ಸೋತು ಬಿಟ್ಟುಕೊಂಡರೆ ಮರ ಉಳಿಯುತ್ತದೆ. ಅಂಟು ಗಟ್ಟಿಯಾದರೆ ಮರವೇ ಸೀಳುತ್ತದೆ. "ಅಂಟು ಬಿಡಬೇಕು, ಮರ ಒಡೀಬಾರದು" ಎಂದು ಅಪ್ಪ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಅಣ್ಣನ ಅಂಟು ಅಪ್ಪ ಹೇಳಿದ ಹದದಲ್ಲೇ ಇತ್ತು.

ಹಲಗೆ ಕೈಗೆ ಬಂತು. ತಿರುಗಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

ಗೆರೆ ಇತ್ತು. ಮೂವತ್ತು ವರ್ಷದ ಹಿಂದೆ ಕಂಡದ್ದೇ. ಆದರೆ ಅದು ಹಲಗೆಯ ಉದ್ದಕ್ಕೂ ಓಡಿರಲಿಲ್ಲ. ಮೊಟ್ಟೆಯಾಕಾರದ ಒಂದು ಜಾಗದಲ್ಲಿ ಶುರುವಾಗಿ, ಅದರ ಅಂಚಿಗೆ ಬಂದು ಕತ್ತರಿಸಿದ ಹಾಗೆ ನಿಂತಿತ್ತು. ಅದು ತೇಪೆ. ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನಿಲ್ಲಿಸುವ ಕಡ್ಡಿ, ಊರುಗಂಬ, ಒತ್ತಿ ಒತ್ತಿ ಹಲಗೆ ಸವೆದ ಕಡೆ, ಸವೆದದ್ದನ್ನು ಕೆರೆದು, ಹೊಸ ಮರದ ತುಂಡನ್ನು ಕೂರಿಸಿ ಮಟ್ಟ ಮಾಡಿದ ತೇಪೆ. ಉಳಿದ ಹಲಗೆಯ ಮೇಲೆಲ್ಲ ಎಡಗೈಯವನ ಉಳಿಯ ಗುರುತು, ಎಡದಿಂದ ಬಲಕ್ಕೆ ಇಳಿದದ್ದು, ಕಣ್ಣಿಗೆ ಹೊಡೆಯುವ ಹಾಗೆ ಇತ್ತು. ಸೀಳಿನಿಂದ ಕನ್ನಡಿಗೆ ಕಾಣುವುದು ಆ ತೇಪೆಯಷ್ಟೇ ಜಾಗ. ತೇಪೆ ಹಲಗೆಗೆ ಸೇರಿದ ಕೂಡು ಎಷ್ಟು ಸಾಫಾಗಿತ್ತೆಂದರೆ ಕನ್ನಡಿಯಲ್ಲಿ ಅದು ಸಾಕ್ಷಾತ್ ದೇವರಿಗೂ ತಿಳಿಯುತ್ತಿರಲಿಲ್ಲ.

ಒಳಗೆ ಕೈ ಹಾಕಿದವರು ಪೆನ್ಸಿಲಿನಲ್ಲಿ ಗುರುತು ಬರೆಯುವುದು ಈ ಕಸುಬಿನ ಕ್ರಮ. ಹೊರಗಿನಿಂದ ಕಾಣಬಾರದು, ಮುಂದೆ ಬಿಚ್ಚಿದವನಿಗೆ ಮಾತ್ರ ಕಾಣಬೇಕು ಎಂದು ಕತ್ತಿನ ಬುಡದ ಹತ್ತಿರ ಬರೆಯುತ್ತಾರೆ. ಮೇಷ್ಟ್ರು ಹಲಗೆಯನ್ನು ಅತ್ತ ತಿರುಗಿಸಿದರು. ಅಲ್ಲಿ ಒಂದು ಇರುವೆಯ ಚಿತ್ರ ಇತ್ತು. ಮೂರು ಚುಕ್ಕೆ, ಆರು ಕಾಲು. ಕೆಳಗೆ ನಲವತ್ತಾರು ವರ್ಷದ ಹಿಂದಿನ ತಾರೀಕು.

ಇರುವೆ ಎಂದರೆ ಅವರೇ.

ಅಪ್ಪ ಮಕ್ಕಳಿಗೆ ಹೆಸರಿಟ್ಟಿದ್ದ. ದೊಡ್ಡವನು ದಪ್ಪ, ನಿಧಾನ, ಎದ್ದರೆ ಬೆಂಚು ಅಲ್ಲಾಡುತ್ತಿತ್ತು, ಅವನು ಆನೆ. ಚಿಕ್ಕವನು ಚುರುಕು, ಹಿಡಿದದ್ದನ್ನು ಬಿಡುವವನಲ್ಲ, ಅವನು ಇರುವೆ. ಆನೆಗೆ ಕಿವಿ ಚೆನ್ನಾಗಿತ್ತು, ಇರುವೆಗೆ ಕಣ್ಣು. ಹದಿನೇಳನೇ ವಯಸ್ಸಿನಲ್ಲಿ ಅಪ್ಪ ಅವರ ಮುಂದೆ ಹಲಗೆಗಳನ್ನು ತಂದಿಡುತ್ತಿದ್ದ. ಬಣ್ಣದ ಮೈ ಕೆಳಗೆ, ಗಾರೆಯ ಅಚ್ಚಿನಲ್ಲಿ ಹೂತು, ಒಳಮೈ ಮಾತ್ರ ಕಾಣುವ ಹಾಗೆ. ಯಾರದು, ಎಲ್ಲಿಯದು ಎಂದು ಹೇಳುತ್ತಿರಲಿಲ್ಲ. "ನಿಂಗ್ಯಾಕೆ? ತೇಪೆ ಹಾಕು. ಕೂಡು ಕಂಡ್ರೆ ಕೈ ಮುರೀತೀನಿ." ಒಂದೊಂದನ್ನು ಹತ್ತು ಸಲ ಕೀಳಿಸಿ ಹತ್ತು ಸಲ ಹಾಕಿಸುತ್ತಿದ್ದ. ಹಾಗೆ ಎಷ್ಟು ತೇಪೆ ಹಾಕಿದರೋ, ಲೆಕ್ಕ ಇಟ್ಟವರು ಯಾರು? ಅದರಲ್ಲಿ ಇದೂ ಒಂದು, ಅಪ್ಪನ ಅದೇ ಮುಕ್ಕು ಗೊರಡಿನಲ್ಲಿ ಮಟ್ಟ ಮಾಡಿದ್ದು.

ಅಯ್ಯೋ, ಎಂಥ ಕೆಲಸ ಆಗಿಹೋಯಿತು! ಹದಿನೇಳರ ಹುಡುಗನ ಕೈ ಅಷ್ಟು ಚೆನ್ನಾಗಿದ್ದದ್ದೇ ಮುಳುವಾಯಿತು. ತಾನೇ ಮುಚ್ಚಿದ ಕೂಡು ತನ್ನ ಕಣ್ಣಿಗೇ ಕಾಣದೆ, ತನ್ನ ಕೆಲಸವನ್ನು ಅಣ್ಣನ ಮೋಸ ಎಂದು ಊರಿಗೆಲ್ಲ ಸಾರಿದ್ದರು.

ಅಷ್ಟೇ ಆಗಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ. ಇರುವೆಯ ಪಕ್ಕದಲ್ಲಿ ಇನ್ನೊಂದು ಚಿತ್ರ ಇತ್ತು. ಒಂದು ಸೊಂಡಿಲು, ಬೀಸಣಿಗೆಯಂಥ ಕಿವಿ. ಅದರ ತಾರೀಕು, ವಿದ್ವಾಂಸರು ಬಂದ ದಿನಕ್ಕೆ ಸರಿಯಾಗಿ ಒಂದು ತಿಂಗಳ ಹಿಂದಿನದು. ಅಂದರೆ ಅಣ್ಣ ಹಲಗೆ ಬಿಚ್ಚಿದ್ದ, ಇರುವೆಯನ್ನು ನೋಡಿದ್ದ, ನಕ್ಕು ಪಕ್ಕದಲ್ಲಿ ಆನೆ ಬರೆದಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬಿಚ್ಚಿ ನೋಡು ಎಂದು ಮೂರು ಸಲ ಹೇಳಿ ಸುಮ್ಮನಾದ.

ಮಂಗಳವಾರ ಇಡೀ ಮೇಷ್ಟ್ರು ಏನೂ ಮಾಡಲಿಲ್ಲ. ಹಲಗೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಹೆಂಡತಿ ಎರಡು ಸಲ ಚಹಾ ತಂದಿಟ್ಟು, ಎರಡು ಸಲ ಆರಿದ್ದನ್ನು ತೆಗೆದುಕೊಂಡು ಹೋದರು. ಮೂರನೇ ಸಲ ಬಂದವರು ಹೋಗಲಿಲ್ಲ. ವಿಷಯವನ್ನೆಲ್ಲ ಕೇಳಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಈಗಲೇ ಅಂಟು ಹಚ್ಚಿ ಮುಚ್ಚಿ" ಎಂದರು. "ನಾಳೆ ತಂತಿ ಕಟ್ಕೊಂಡು ಹೋಗಿ. ತಪ್ಪಾಯ್ತು ಅನ್ನೋದನ್ನ ಬಾಯಲ್ಲಿ ಹೇಳಿದ್ರೆ ಆಗುತ್ತೆ."

"ಮುಚ್ಚಿದ ಮೇಲೆ ಏನು ತೋರಿಸ್ಲಿ? ನಾನು ನೋಡಿದೀನಿ ಅಂತ ಅವನಿಗೆ ಗೊತ್ತಾಗೋದು ಹೇಗೆ?"

"ಅವರು ನೋಡಬೇಕು ಅಂದ್ರಾ? ಕೇಳಬೇಕು ಅಂದದ್ದು."

"ಅಲ್ಲೇ ಮುಚ್ತೀನಿ ಬಿಡು. ಒಂದು ದಿನ ತಡ, ಅಷ್ಟೇ ತಾನೇ."

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂವತ್ತು ವರ್ಷದಲ್ಲಿ ಅದೊಂದು ಬದಲಾಗಿರಲಿಲ್ಲ. ಬುಧವಾರ ಬೆಳಿಗ್ಗೆ ಪಿಟೀಲಿನ ಒಡಲನ್ನು ಒಂದು ಬಟ್ಟೆಯಲ್ಲಿ, ಹಲಗೆಯನ್ನು ಇನ್ನೊಂದರಲ್ಲಿ ಸುತ್ತಿಕೊಂಡು, ಅಂಟಿನ ಡಬ್ಬಿ, ಕ್ಲಾಂಪುಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು.

ಅಣ್ಣನ ಮನೆ ಒಂದು ಓಣಿಯ ಕೊನೆಗಿತ್ತು. ಮುಂದಿನ ಕೋಣೆಯಲ್ಲಿ ಅರ್ಧ ಹೆಣೆದ ಕುರ್ಚಿಗಳು, ಒಳಗಿನ ಕೋಣೆಯಲ್ಲಿ ಮಂಚ. ಆನೆಯಂಥ ಅಣ್ಣ ಹಾಸಿಗೆಯ ಒಂದು ಮೂಲೆಗೂ ಸಾಲದಷ್ಟು ಆಗಿದ್ದ. ಮೇಷ್ಟ್ರು ಬಾಗಿಲಲ್ಲೇ ನಿಂತರು.

"ಬಂದ್ಯಾ ಇರುವೆ" ಎಂದ ಅಣ್ಣ. ಕಣ್ಣು ಮುಚ್ಚಿಯೇ ಇತ್ತು. "ಹೆಜ್ಜೆ ಸದ್ದಲ್ಲೇ ಗೊತ್ತಾಯ್ತು. ಇನ್ನೂ ಹಾಗೇ ಪುಟುಪುಟು ನಡೀತೀಯ."

ಮೇಷ್ಟ್ರು ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತು ಅತ್ತರು. ಮಗಳು ನೀರು ತಂದವಳು ಬಾಗಿಲಲ್ಲೇ ನಿಂತಳು. ಅತ್ತು ಮುಗಿದ ಮೇಲೆ ಬಟ್ಟೆ ಬಿಚ್ಚಿ ಹಲಗೆಯನ್ನು ಅಣ್ಣನ ಕಣ್ಣೆದುರಿಗೆ ಹಿಡಿದರು.

"ನೋಡಿದೆ ಅಣ್ಣ. ಬಿಚ್ಚಿ ನೋಡಿದೆ. ನನ್ನದೇ ತೇಪೆ."

ಅಣ್ಣ ಕಣ್ಣು ಬಿಟ್ಟು ಹಲಗೆಯನ್ನು ನೋಡಿದ. ಆಮೇಲೆ ಅದರ ಹಿಂದೆ ಕಣ್ಣಾಡಿಸಿದ. ಏನನ್ನೋ ಹುಡುಕಿದ.

"ಮುಚ್ಚಲಿಲ್ವಾ?"

"ನಿನಗೆ ತೋರಿಸೋಣ ಅಂತ..."

"ನನಗೇನು ತೋರಿಸ್ತೀಯೋ? ಆನೆ ಬರೆದವನು ನಾನಲ್ವಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ನಗುವುದಕ್ಕೆ ಹೋಗಿ ಕೆಮ್ಮು ಬಂತು. ಮಗಳು ಬಂದು ಎತ್ತಿ ಕೂರಿಸಿ ನೀರು ಕುಡಿಸಿದಳು. ಉಸಿರು ಹತೋಟಿಗೆ ಬಂದ ಮೇಲೆ ಮೆಲ್ಲಗೆ ಹೇಳಿದ: "ನೀನು ನೋಡ್ಕೊಳ್ಳಲಿ ಅಂತಾನೂ ಕಳಿಸಿದೆ, ನಾನು ಕೇಳಬೇಕು ಅಂತಾನೂ ಕಳಿಸಿದೆ. ನಿನ್ನದು ಆಯ್ತು. ನನ್ನದು?"

ಮೇಷ್ಟ್ರಿಗೆ ಹೆಂಡತಿ ಹೇಳಿದ್ದು ಆಗ ಅರ್ಥವಾಯಿತು. ಅಟ್ಟ ಮೇಲೆ ಒಲೆ ಉರಿಯಿತು.

"ಯಾಕೆ ಹೇಳಲಿಲ್ಲ ಅಣ್ಣ ಅವತ್ತು? ಒಂದು ಮಾತು, ಇದು ನಿನ್ನದೇ ಕಣೋ ಕತ್ತೆ ಅಂತ."

"ಹೇಳೋಣ ಅಂತಲೇ ಬಾಯಿ ತೆಗೆದೆ. ಅಷ್ಟು ಜನರ ಮುಂದೆ ನಿನ್ನ ಕಣ್ಣು ಸುಳ್ಳು ಅಂತ ಆಗಿದ್ರೆ ಮಾರನೇ ದಿನ ನಿನ್ನ ಹತ್ರ ಯಾರು ಬರ್ತಿದ್ರು? ನಿನ್ನ ಹೆಂಡತಿಗೆ ಆಗ ಏಳು ತಿಂಗಳು. ನನಗೆ ಕುರ್ಚಿ ಮಾಡೋಕಾದ್ರೂ ಬರ್ತಿತ್ತು. ನಿನಗೇನು ಬರುತ್ತೆ, ಇಣುಕಿ ನೋಡೋದು ಬಿಟ್ರೆ?" ಇನ್ನೊಂದು ಗುಟುಕು ನೀರು ಕುಡಿದು ಹೇಳಿದ: "ಅಂಟು ಬಿಡಬೇಕು, ಮರ ಒಡೀಬಾರದು ಅಂತಿದ್ನಲ್ಲ ಅಪ್ಪ. ಆಮೇಲೆ ನೀನೇ ಬರ್ತೀಯ ಅಂದ್ಕೊಂಡೆ. ನಾಳೆ ಬರ್ತಾನೆ, ನಾಡಿದ್ದು ಬರ್ತಾನೆ. ನೀನು ಬರಲೇ ಇಲ್ಲ. ಆಗ ಸಿಟ್ಟು ಬಂತು ನೋಡು. ಸುಳ್ಳು ಯಾಕೆ ಹೇಳ್ಲಿ, ಸಿಟ್ಟು ಬಹಳ ಇತ್ತು."

"ಎಲ್ಲರಿಗೂ ಹೇಳ್ತೀನಿ ಅಣ್ಣ. ಬರೆದು ಕೊಡ್ತೀನಿ."

"ಕೊಡು, ಬಿಡು, ನಿನ್ನಿಷ್ಟ. ಮೊದಲು ಅಂಟು ಕಾಯಿಸು."

ಮಗಳು ಒಲೆಯ ಮೇಲೆ ನೀರಿಟ್ಟಳು. ನೀರಿನೊಳಗೆ ಡಬ್ಬಿ ಇಟ್ಟು ಅಂಟು ಕರಗಿಸಿದರು. ಅಣ್ಣ ಮಲಗಿದಲ್ಲಿಂದಲೇ ಮೂಸಿ, "ಗಟ್ಟಿಯಾಯ್ತು, ಇನ್ನೊಂದು ಚಮಚ ನೀರು" ಎಂದ. ಮೇಷ್ಟ್ರು ಹಾಕಿದರು. ಹಚ್ಚಿ, ಹಲಗೆ ಕೂರಿಸಿ, ಸುತ್ತಲೂ ಮೂವತ್ತು ಕ್ಲಾಂಪು ಬಿಗಿದರು. ಅಣ್ಣನ ಕೈ ಹಿಡಿದು ಅಂಚಿನ ಮೇಲೆ ಓಡಿಸಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಇನ್ನೊಂದು ಸುತ್ತು ಬಿಗಿಯಬೇಕಾಗಿತ್ತು, ಬಿಗಿದರು. ಆಗ ಹೊತ್ತು ನಾಲ್ಕು ಗಂಟೆ. ಮರುದಿನ ಮಧ್ಯಾಹ್ನದವರೆಗೆ ಅದನ್ನು ಮುಟ್ಟುವ ಹಾಗಿರಲಿಲ್ಲ.

"ನಾಳೆ ಊಟದ ಹೊತ್ತಿಗೆ ನುಡಿಸಬಹುದು" ಎಂದರು.

"ಹ್ಞೂಂ. ನಾನೆಲ್ಲಿ ಹೋಗ್ತೀನಿ?" ಎಂದ ಅಣ್ಣ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಣ್ಣ ಹೋದ. ಮಗಳು ಗಂಜಿ ಕುಡಿಸುತ್ತಿದ್ದಳು. ಮೇಷ್ಟ್ರು ಕಿಟಕಿಯ ಹತ್ತಿರ ಕೂತು ಹೊಸ ಊರುಗಂಬಕ್ಕೆ ಕಡ್ಡಿ ಕೆತ್ತುತ್ತಿದ್ದರು. ಚಮಚ ಬಟ್ಟಲಿಗೆ ಬಿದ್ದ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಿಟೀಲು ಮೇಜಿನ ಮೇಲೆ ಕ್ಲಾಂಪು ಕಚ್ಚಿಕೊಂಡು ಕೂತಿತ್ತು. ಅಂಟು ಆರುವುದಕ್ಕೆ ಇನ್ನೂ ಎರಡು ಗಂಟೆ ಬೇಕಿತ್ತು.

ಮಣ್ಣು ಮಾಡಿ ಬಂದ ಮೂರನೆಯ ದಿನ ಮೇಷ್ಟ್ರು ಕಾಗದ ಬರೆದರು. "ಎಡಗೈಯವನ ಪಿಟೀಲಿನ ಬಗ್ಗೆ ಮೂವತ್ತು ವರ್ಷದ ಹಿಂದೆ ನಾನು ಹೇಳಿದ್ದು ತಪ್ಪು. ಹಲಗೆ ಅವನದೇ. ತೇಪೆ ನನ್ನದು. ನನ್ನ ಅಣ್ಣ ಯಾವ ಮೋಸವನ್ನೂ ಮಾಡಿಲ್ಲ." ಅಷ್ಟೇ ಬರೆದು, ಬದುಕಿದ್ದ ಇಬ್ಬರು ವ್ಯಾಪಾರಿಗಳಿಗೂ, ವಿದ್ವಾಂಸರ ಮನೆಗೂ ಕಳಿಸಿ, ಒಂದನ್ನು ತಮ್ಮ ಅಂಗಡಿಯ ಬಾಗಿಲಿಗೆ ಅಂಟಿಸಲು ಇಟ್ಟುಕೊಂಡರು. ಆಮೇಲೆ ಜನ ತಮ್ಮ ತಮ್ಮ ಪಿಟೀಲು ಹೊತ್ತು, "ಹಾಗಾದ್ರೆ ನಮ್ಮದರ ಕಥೆ ಏನು ಮೇಷ್ಟ್ರೇ?" ಎಂದು ಸಾಲುಗಟ್ಟಿದರು, ಕೆಲವರು ಬಾಯಿಗೆ ಬಂದಂತೆ ಬೈದರು. ಅವರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: "ಬಿಚ್ಚಿ ನೋಡೋಣ."

ಆದರೆ ಅದು ಮುಂದಿನ ಮಾತು. ಆ ಮೂರನೆಯ ದಿನ, ಕಾಗದ ಬರೆದಾದ ಮೇಲೆ, ಅವರು ಕ್ಲಾಂಪುಗಳನ್ನು ಒಂದೊಂದಾಗಿ ಬಿಚ್ಚಿದರು. ಊರುಗಂಬ ನಿಲ್ಲಿಸಿದರು, ತಂತಿ ಹೊರುವ ಕುದುರೆ ಕೂರಿಸಿದರು, ನಾಲ್ಕು ತಂತಿ ಎಳೆದು ಬಿರಡೆ ತಿರುಗಿಸಿ ಶ್ರುತಿ ಮಾಡಿದರು. ಪಿಟೀಲನ್ನು ಅಣ್ಣನ ಮಗಳ ಕೈಗೆ ಕೊಟ್ಟರು. ಅವಳು ತೆಗೆದುಕೊಂಡಳು, ಎತ್ತಲಿಲ್ಲ.

"ಚಿಕ್ಕಪ್ಪ, ಮಂಗಳವಾರವೇ ಇದನ್ನ ಮುಚ್ಚಿದ್ರೆ..." ಎಂದಳು.

"ಹೌದಮ್ಮ" ಎಂದರು ಮೇಷ್ಟ್ರು. "ಬುಧವಾರ ಸಂಜೆ ಕೇಳ್ತಿದ್ದ."

ಅವಳು ಖಾಲಿ ಮಂಚದ ಕಡೆ ತಿರುಗಿ, ಕಮಾನು ಇಟ್ಟು ಎಳೆದಳು. ಆ ದನಿ ಇಷ್ಟು ದಿನ ಎಲ್ಲಿತ್ತೋ! ಮುಂದಿನ ಕೋಣೆಯಲ್ಲಿದ್ದ ಅರ್ಧ ಹೆಣೆದ ಕುರ್ಚಿಗಳ ಬೆತ್ತವೂ ಸಣ್ಣಗೆ ಝೇಂಕರಿಸಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಅವಳು ಒಂದು ಹಾಡನ್ನು ಪೂರ್ತಿ ನುಡಿಸಿ, ಕಮಾನು ಇಳಿಸಿ, ಎಲ್ಲರೂ ಅವರನ್ನು ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಹೇಗಿದೆ ಚಿಕ್ಕಪ್ಪ?"

ಜೀವಮಾನವಿಡೀ ಬೇರೆಯವರ ಪಿಟೀಲಿಗೆ ತೀರ್ಪು ಕೊಟ್ಟ ಮೇಷ್ಟ್ರು ಮಂಚದ ಕಡೆ ಕೈ ತೋರಿಸಿದರು.

"ನನಗೆ ಗೊತ್ತಾಗಲ್ಲ ಕಣಮ್ಮ" ಎಂದರು. "ಅವನಿಗೆ ಗೊತ್ತಾಗ್ತಿತ್ತು."